ಕೋಶವನ್ನು ತಟ್ಟೆಯಿಂದ ಬಿಡಿಸಬೇಡಿ: ಫಾಸ್ಫೊ-ಫ್ಯಾಕ್ ಆಂಟಿಬಾಡಿ ಬಳಸುವವರಿಗೆ ಒಂದು ಮಾರ್ಗದರ್ಶಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಸಂಜೆ ಇಮೇಜರ್ ಮುಂದೆ ಸುಮ್ನೆ ಕೂತಿದ್ದಳು. ಪರದೆಯ ಮೇಲೆ ಅವಳ ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ಆಂಟಿಬಾಡಿಯಿಂದ ಹುಡುಕಿದ ಚಿತ್ರ. ಎಲ್ಲ ಕೋಶದಲ್ಲೂ ಇರುವ ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ಬ್ಯಾಂಡ್ ಎಲ್ಲ ಲೇನಿನಲ್ಲೂ ಚೆನ್ನಾಗಿತ್ತು. ಮೇಲೆ 125 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಇರುವ ಜಾಗದಲ್ಲಿ, ಅವಳು ಹುಡುಕುತ್ತಿದ್ದ ಫ್ಯಾಕ್ ಪ್ರೋಟೀನ್ ಕಾಣಬೇಕಾದಲ್ಲಿ, ಮಾತ್ರ ಏನೂ ಇರಲಿಲ್ಲ.

"ಅಕ್ಕಾ, ಆಂಟಿಬಾಡಿನೇ ಕೆಟ್ಟುಹೋಗಿದೆ ಅನ್ಸುತ್ತೆ. ಹೊಸದು ತರಿಸೋಣ್ವಾ?" ಅಂದಳು.

"ಕೋಶಗಳನ್ನ ಹೇಗೆ ತೆಗೆದೆ?"

"ಟ್ರಿಪ್ಸಿನ್ ಹಾಕಿ ಬಿಡಿಸಿದೆ. ಎರಡು ಸಲ ತೊಳೆದೆ. ಆಮೇಲೆ ಲೈಸಿಸ್ ಬಫರ್ ಹಾಕಿದೆ."

ಉತ್ತರ ಅಲ್ಲೇ ಇತ್ತು. ಟ್ರಿಪ್ಸಿನ್ ಅಂದರೆ ತಟ್ಟೆಗೆ ಅಂಟಿದ ಕೋಶಗಳ ಹಿಡಿತ ಕತ್ತರಿಸಿ ಬಿಡಿಸುವ ಕಿಣ್ವ; ಲೈಸಿಸ್ ಬಫರ್ ಅಂದರೆ ಕೋಶ ಒಡೆದು ಪ್ರೋಟೀನ್ ಹೊರತೆಗೆಯುವ ದ್ರಾವಣ. ಪಿಎಚ್‌ಡಿಯ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿ ಮೂರು ವಾರ ಕಳೆದಿದ್ದೆ. ಬೆಂಗಳೂರಿನ ಲ್ಯಾಬುಗಳಲ್ಲಿ ನಾವು ದಿನವಿಡೀ ಕನ್ನಡದಲ್ಲೇ ಮಾತಾಡಿಕೊಂಡು ಬ್ಲಾಟ್ ಮಾಡುತ್ತೇವೆ. ಆದರೆ ಕೆಲಸ ಕಲಿಯುವವರ ಕೈಗೆ ಕನ್ನಡದಲ್ಲಿ ಬರೆದ ಒಂದು ಪುಟವೂ ಸಿಗುವುದು ಕಷ್ಟ. ಆ ಹುಡುಗಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ನಾವು ಹುಡುಕುತ್ತಿರುವುದು ಏನನ್ನು?

ಫ್ಯಾಕ್ ಅಂದರೆ ಫೋಕಲ್ ಅಡ್ಹೀಶನ್ ಕೈನೇಸ್. ಕೈನೇಸ್ ಎಂದರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. 1992ರಲ್ಲಿ ಗುರುತಿಸಿದ ಪ್ರೋಟೀನ್ ಇದು. ಮನುಷ್ಯರಲ್ಲಿ 1052 ಅಮೈನೋ ಆಮ್ಲಗಳ ಸರಪಳಿ, ತೂಕ ಸುಮಾರು 125 ಕಿಲೋಡಾಲ್ಟನ್. ಕೋಶದ ಹೊರಪದರದಲ್ಲಿ ಇಂಟಿಗ್ರಿನ್ ಎನ್ನುವ ಪ್ರೋಟೀನುಗಳಿರುತ್ತವೆ. ಅವು ಹೊರಗಿನ ಫೈಬ್ರೊನೆಕ್ಟಿನ್‌ನಂಥ ವಸ್ತುವನ್ನು ಹಿಡಿದಾಗ, ಒಳಗಡೆ ಅದೇ ಜಾಗಕ್ಕೆ ಫ್ಯಾಕ್ ಬಂದು ಸೇರುತ್ತದೆ. ಸುಮ್ಮನಿರುವಾಗ ಫ್ಯಾಕ್‌ನ ಒಂದು ಭಾಗ ಮುಚ್ಚಳದ ಹಾಗೆ ಇನ್ನೊಂದು ಭಾಗದ ಮೇಲೆ ಕೂತಿರುತ್ತದೆ. ಹಿಡಿತ ಬಿದ್ದಾಗ ಆ ಮುಚ್ಚಳ ತೆರೆಯುತ್ತದೆ. ಆಗ ಫ್ಯಾಕ್ ತನ್ನದೇ ಸರಪಳಿಯ 397ನೇ ಜಾಗದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಸಾರ್ಕ್ ಎಂಬ ಇನ್ನೊಂದು ಕೈನೇಸ್ ಬಂದು ಕಚ್ಚಿಕೊಳ್ಳುವುದು ಅಲ್ಲಿಗೇ. ಅದು 576 ಮತ್ತು 577ನೇ ಟೈರೋಸಿನ್‌ಗಳಿಗೂ ಫಾಸ್ಫೇಟ್ ಹಾಕಿದ ಮೇಲೆ ಫ್ಯಾಕ್ ಪೂರ್ತಿ ಚುರುಕಾಗುತ್ತದೆ.

ಹಾಗಾಗಿ 397ರ ಫಾಸ್ಫೇಟ್ ಅಂದರೆ "ನಾನು ಹಿಡಿದುಕೊಂಡಿದ್ದೇನೆ" ಎಂದು ಕೋಶ ಒಳಗೆ ಹಾಕಿಕೊಂಡ ಗುರುತು. ಟ್ರಿಪ್ಸಿನ್ ಹಾಕಿ ಬಿಡಿಸಿದ ಕೂಡಲೇ ಆ ಹಿಡಿತ ಹೋಗುತ್ತದೆ. ಕೋಶದಲ್ಲಿರುವ ಫಾಸ್ಫಟೇಸ್ ಕಿಣ್ವಗಳು ಗುರುತನ್ನು ಅಳಿಸಲು ಶುರು ಮಾಡುತ್ತವೆ. ನೀವು ತೊಳೆದು, ಸೆಂಟ್ರಿಫ್ಯೂಜ್ ಮಾಡಿ ಮುಗಿಸುವ ಹೊತ್ತಿಗೆ ನೋಡಲು ಉಳಿದಿರುವುದು ಬಹಳ ಕಡಿಮೆ.

ಈ ಗುರುತಿಗೆ ಇಷ್ಟು ಬೆಲೆ ಯಾಕೆ ಅಂದರೆ, ಕ್ಯಾನ್ಸರ್ ಕೋಶಗಳು ಇದ್ದಲ್ಲಿಂದ ಎದ್ದು ಬೇರೆ ಕಡೆ ಹರಡುವಾಗ ಫ್ಯಾಕ್‌ನ ಕೆಲಸ ದೊಡ್ಡದು. ಫ್ಯಾಕ್ ತಡೆಯುವ ಡಿಫ್ಯಾಕ್ಟಿನಿಬ್ ಎಂಬ ಔಷಧಕ್ಕೆ, ಅವುಟೊಮೆಟಿನಿಬ್ ಜೊತೆ ಸೇರಿಸಿ ಕೊಡುವುದಕ್ಕೆ, 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಂಡಾಶಯದ ಒಂದು ಅಪರೂಪದ ಬಗೆಯ ಕ್ಯಾನ್ಸರ್‌ಗೆ ಅದು. ಇಂಥ ಔಷಧ ಕೋಶದೊಳಗೆ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ನೋಡುವುದೂ ಇದೇ 397ರ ಬ್ಯಾಂಡನ್ನೇ.

ಆಂಟಿಬಾಡಿ ಕೊಳ್ಳುವ ಮುಂಚೆ

ಎರಡು ಆಂಟಿಬಾಡಿ ಬೇಕು. ಒಂದು 397ರಲ್ಲಿ ಫಾಸ್ಫೇಟ್ ಇರುವ ಫ್ಯಾಕನ್ನು ಮಾತ್ರ ಗುರುತಿಸುವುದು, ಅಂದರೆ ಫಾಸ್ಫೊ-ಫ್ಯಾಕ್ ಆಂಟಿಬಾಡಿ. ಇನ್ನೊಂದು ಫಾಸ್ಫೇಟ್ ಇರಲಿ ಬಿಡಲಿ, ಒಟ್ಟು ಫ್ಯಾಕ್ ಎಷ್ಟಿದೆ ಅಂತ ತೋರಿಸುವುದು. ಎರಡನೆಯದಿಲ್ಲದೆ ಮೊದಲನೆಯದರ ಬ್ಯಾಂಡಿಗೆ ಅರ್ಥವೇ ಇಲ್ಲ. ಫಾಸ್ಫೇಟ್ ಕಡಿಮೆಯಾಯಿತಾ, ಪ್ರೋಟೀನೇ ಕಡಿಮೆಯಾಯಿತಾ ಅಂತ ಹೇಗೆ ಹೇಳುತ್ತೀರಿ? ಆದಷ್ಟು ಒಂದು ಮೊಲದಲ್ಲಿ, ಇನ್ನೊಂದು ಇಲಿಯಲ್ಲಿ ತಯಾರಿಸಿದ್ದನ್ನು ತೆಗೆದುಕೊಳ್ಳಿ. ಮುಂದೆ ಬಹಳ ಅನುಕೂಲ.

ಡೇಟಾಶೀಟಿನಲ್ಲಿ ನಾನು ಮೊದಲು ನೋಡುವುದು ಬೆಲೆಯನ್ನಲ್ಲ, ಕಂಪನಿಯವರು ಹಾಕಿರುವ ಬ್ಲಾಟ್ ಚಿತ್ರವನ್ನು. ಅದರಲ್ಲಿ ಒಂದೇ ಒಂದು ಲೇನ್ ಇದ್ದು, ಅದರಲ್ಲೊಂದು ಕಪ್ಪು ಬ್ಯಾಂಡ್ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಫಾಸ್ಫಟೇಸ್ ಹಾಕಿದ್ದು ಮತ್ತು ಹಾಕದ್ದು, ಅಥವಾ ಫ್ಯಾಕ್ ಇರುವ ಕೋಶ ಮತ್ತು ಇಲ್ಲದ ಕೋಶ, ಹೀಗೆ ಜೋಡಿ ಲೇನ್ ತೋರಿಸಿರಬೇಕು. ಆಮೇಲೆ ನೀವು ಬಳಸುವ ಪ್ರಾಣಿಯ ಕೋಶದಲ್ಲಿ ಪರೀಕ್ಷಿಸಿದ್ದಾರಾ, ವೆಸ್ಟರ್ನ್ ಬ್ಲಾಟ್‌ನಲ್ಲಿ ಮಾಡಿದ್ದಾರಾ ನೋಡಿ. ರಿಕಾಂಬಿನೆಂಟ್ ಮೋನೋಕ್ಲೋನಲ್ (ಗೊತ್ತಿರುವ ಜೀನ್‌ನಿಂದ ಮಾಡಿದ, ಒಂದೇ ಬಗೆಯ ಆಂಟಿಬಾಡಿ) ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳಿ. ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಆದರೆ ಲಾಟ್, ಅಂದರೆ ತಯಾರಿಕೆಯ ಕಂತು, ಬದಲಾದಾಗ ನಡವಳಿಕೆಯೂ ಬದಲಾಗಬಹುದು.

ಇಲ್ಲೊಂದು ಎಚ್ಚರಿಕೆ. ಫ್ಯಾಕ್‌ಗೆ ಪೈಕ್2 ಅಂತ ಒಬ್ಬ ತಮ್ಮನಿದ್ದಾನೆ. ಅವನ 402ನೇ ಟೈರೋಸಿನ್ ಸುತ್ತಲಿನ ಸಾಲು ಫ್ಯಾಕ್‌ನ 397ರ ಸುತ್ತಲಿನ ಸಾಲನ್ನೇ ಹೋಲುತ್ತದೆ. ಟೈರೋಸಿನ್ ಮತ್ತು ಅದರ ಮುಂದಿನ ಮೂರು ಅಮೈನೋ ಆಮ್ಲಗಳು ಎರಡರಲ್ಲೂ ಒಂದೇ. ತೂಕವೂ ಹತ್ತಿರ ಹತ್ತಿರ, ಸುಮಾರು 116 ಕಿಲೋಡಾಲ್ಟನ್. ಹಾಗಾಗಿ ಕೆಲವು ಆಂಟಿಬಾಡಿಗಳು ಇಬ್ಬರನ್ನೂ ಹಿಡಿಯುತ್ತವೆ. ರಕ್ತದ ಕೋಶ, ನರಕೋಶಗಳಲ್ಲಿ ಕೆಲಸ ಮಾಡುವವರು ಇದನ್ನು ಮರೆಯಲೇಬಾರದು.

ಬಾಟಲಿ ಕೈಗೆ ಬಂದ ದಿನ ಮಾಡಬೇಕಾದ್ದು ಚಿಕ್ಕ ಕೆಲಸ. ಬಂದ ತಾರೀಖು ಮತ್ತು ಲಾಟ್ ನಂಬರ್ ಬರೆದಿಡಿ. 50% ಗ್ಲಿಸರಾಲ್‌ನಲ್ಲಿ ಬಂದಿದ್ದರೆ ಮೈನಸ್ 20 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಹಾಗೆಯೇ ಇಡಬಹುದು. ಗ್ಲಿಸರಾಲ್ ಇಲ್ಲದಿದ್ದರೆ 10 ಮೈಕ್ರೋಲೀಟರ್‌ನ ಚಿಕ್ಕ ಟ್ಯೂಬುಗಳಿಗೆ ಹಂಚಿಡಿ. ಫ್ರಾಸ್ಟ್-ಫ್ರೀ ಫ್ರೀಜರ್ ಬೇಡ. ಅದು ಮಂಜು ಕರಗಿಸಲು ಆಗಾಗ ತಾನೇ ಬಿಸಿಯಾಗುತ್ತದೆ.

ವನಡೇಟ್ ತಯಾರಿ: ಅವಸರ ಮಾಡಬಾರದ ಜಾಗ

ಫಾಸ್ಫೇಟನ್ನು ಕಾಯುವುದು ಸೋಡಿಯಂ ಆರ್ಥೊವನಡೇಟ್. ಟೈರೋಸಿನ್ ಫಾಸ್ಫಟೇಸ್‌ಗಳ ಕೈ ಕಟ್ಟುವುದು ಇದೇ. ಆದರೆ ಪುಡಿಯನ್ನು ನೀರಿಗೆ ಹಾಕಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ವನಡೇಟ್ ಅಣುಗಳು ಗುಂಪು ಕಟ್ಟಿಕೊಂಡಿದ್ದರೆ ಫಾಸ್ಫಟೇಸ್ ತಡೆಯುವ ಶಕ್ತಿ ಇರುವುದಿಲ್ಲ. ಅವನ್ನು ಒಂದೊಂದಾಗಿ ಬಿಡಿಸಬೇಕು.

200 ಮಿಲಿಮೋಲಾರ್ ದ್ರಾವಣ ಮಾಡಿ. ಪಿಎಚ್ 10ಕ್ಕೆ ತರಲು ಆಮ್ಲವನ್ನು ಹನಿ ಹನಿಯಾಗಿ ಹಾಕಿ. ಅಲ್ಲಿ ತನಕ ತಿಳಿಯಾಗಿದ್ದ ನೀರು ನೋಡನೋಡುತ್ತಲೇ ಹಳದಿಗೆ ತಿರುಗುತ್ತದೆ, ಚಿಟಿಕೆ ಅರಿಶಿನ ಕದಡಿದ ಹಾಗೆ. ಆ ಹಳದಿಯೇ ಗುಂಪು ಕಟ್ಟಿದ ವನಡೇಟ್. ಈಗ ಕುದಿಸಿ. ಎರಡು ಮೂರು ನಿಮಿಷದಲ್ಲಿ ಬಣ್ಣ ತೆಳುವಾಗುತ್ತಾ ಬಂದು ನೀರು ಮತ್ತೆ ತಿಳಿಯಾಗುತ್ತದೆ. ಆರಲು ಬಿಡಿ. ಪಿಎಚ್ ಮತ್ತೆ ನೋಡಿ. ಬದಲಾಗಿರುತ್ತದೆ. ಮತ್ತೆ 10ಕ್ಕೆ ತನ್ನಿ, ಮತ್ತೆ ಕುದಿಸಿ. ಪಿಎಚ್ 10ರಲ್ಲೇ ನಿಂತು, ಹಳದಿ ಬಾರದೆ ಇರುವ ತನಕ ಇದನ್ನೇ ಮಾಡುತ್ತಿರಿ. ಆಮೇಲೆ ಚಿಕ್ಕ ಟ್ಯೂಬುಗಳಲ್ಲಿ ಮೈನಸ್ 20ರಲ್ಲಿಡಿ. ಮುಂದೆ ಯಾವತ್ತಾದರೂ ತೆಗೆದಾಗ ಟ್ಯೂಬಿನಲ್ಲಿ ಹಳದಿ ಕಂಡರೆ ಬಳಸಬೇಡಿ. ವನಡೇಟ್ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಎಷ್ಟೋ ಜನ ಆಂಟಿಬಾಡಿಯನ್ನು ಬೈಯುತ್ತಾರೆ. ತಪ್ಪಿರುವುದು ಈ ಟ್ಯೂಬಿನಲ್ಲಿ. ನನ್ನ ಅನುಭವದಲ್ಲಿ ಫಾಸ್ಫೊ ಬ್ಲಾಟ್ ಕೆಡುವುದಕ್ಕೆ ಟ್ರಿಪ್ಸಿನ್ ಬಿಟ್ಟರೆ ಮುಂದಿನ ಕಾರಣ ಇದೇ.

ಉತ್ತರ ಗೊತ್ತಿರುವ ಪ್ರಶ್ನೆ ಮೊದಲು ಕೇಳಿ

ಹೊಸ ಆಂಟಿಬಾಡಿಯ ಮೊದಲ ಹನಿಯನ್ನು ನಿಮ್ಮ ಅಮೂಲ್ಯವಾದ ಸ್ಯಾಂಪಲ್ ಮೇಲೆ ಹಾಕಬೇಡಿ. ಉತ್ತರ ಏನು ಬರಬೇಕೆಂದು ನಿಮಗೆ ಮೊದಲೇ ಗೊತ್ತಿರುವ ಸ್ಯಾಂಪಲ್ ಮೇಲೆ ಹಾಕಿ. ಫ್ಯಾಕ್ ವಿಷಯದಲ್ಲಿ ಇಂಥ ಸ್ಯಾಂಪಲ್ ತಯಾರಿಸುವುದು ಸುಲಭ. ಕೋಶವನ್ನು ಹಿಡಿಸಿ, ಬಿಡಿಸಿ, ಮತ್ತೆ ಹಿಡಿಸಿದರೆ ಆಯಿತು. ಇಲ್ಲಿ ಮಾತ್ರ ಟ್ರಿಪ್ಸಿನ್‌ಗೆ ಜಾಗವಿದೆ.

ಹಿಂದಿನ ದಿನವೇ ಎರಡು ತಟ್ಟೆ ಸಿದ್ಧಮಾಡಿ. ಒಂದಕ್ಕೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಫೈಬ್ರೊನೆಕ್ಟಿನ್ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿಡಿ. ಇನ್ನೊಂದಕ್ಕೆ ಪಾಲಿ-ಲೈಸಿನ್. ಪಾಲಿ-ಲೈಸಿನ್ ಮೇಲೆ ಕೋಶ ಅಂಟುತ್ತದೆ, ಆದರೆ ಇಂಟಿಗ್ರಿನ್ ಮೂಲಕ ಅಲ್ಲ, ಬರೀ ವಿದ್ಯುದಂಶದ ಸೆಳೆತದಿಂದ. ನೋಡಲು ಎರಡೂ ಅಂಟಿಕೊಂಡ ಕೋಶಗಳೇ. ಒಳಗಿನ ಗುರುತು ಮಾತ್ರ ಬೇರೆ. ನನಗೆ ಈ ಕಂಟ್ರೋಲ್ ಬಹಳ ಇಷ್ಟ.

ಎನ್‌ಐಎಚ್ 3ಟಿ3ಯಂಥ ಫೈಬ್ರೊಬ್ಲಾಸ್ಟ್ (ಜೋಡಣೆ ಅಂಗಾಂಶದ ಕೋಶ) ಇದ್ದರೆ ಒಳ್ಳೆಯದು. ಕೋಶಗಳನ್ನು ರಾತ್ರಿ ಸೀರಂ (ಮೀಡಿಯಂಗೆ ಸೇರಿಸುವ ರಕ್ತದ ತಿಳಿ) ಇಲ್ಲದೆ ಬಿಡಿ. ಬೆಳಿಗ್ಗೆ ಟ್ರಿಪ್ಸಿನ್ ಹಾಕಿ ಬಿಡಿಸಿ. ಟ್ರಿಪ್ಸಿನ್ ನಿಲ್ಲಿಸಲು ಸೀರಂ ಬಳಸಬೇಡಿ, ಅದರಲ್ಲೇ ಫೈಬ್ರೊನೆಕ್ಟಿನ್ ಇರುತ್ತದೆ. ಸೋಯಾಬೀನ್ ಟ್ರಿಪ್ಸಿನ್ ಇನ್‌ಹಿಬಿಟರ್ ಬಳಸಿ. ಸ್ವಲ್ಪ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಇರುವ, ಸೀರಂ ಇಲ್ಲದ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ತೇಲಾಡಲು ಬಿಡಿ. ಆಮೇಲೆ ಮೂರು ಪಾಲು ಮಾಡಿ. ಒಂದು ಪಾಲು ತೇಲುತ್ತಲೇ ಇರಲಿ, ಒಂದನ್ನು ಪಾಲಿ-ಲೈಸಿನ್ ಮೇಲೆ ಹಾಕಿ, ಒಂದನ್ನು ಫೈಬ್ರೊನೆಕ್ಟಿನ್ ಮೇಲೆ ಹಾಕಿ. 45 ನಿಮಿಷ ಬಿಟ್ಟು ಮೂರನ್ನೂ ಲೈಸಿಸ್ ಮಾಡಿ.

ಆಂಟಿಬಾಡಿ ಸರಿಯಿದ್ದರೆ ಫೈಬ್ರೊನೆಕ್ಟಿನ್ ಲೇನಿನಲ್ಲಿ 125ರ ಹತ್ತಿರ ಎದ್ದು ಕಾಣುವ ಬ್ಯಾಂಡ್ ಬರಬೇಕು. ಉಳಿದ ಎರಡರಲ್ಲಿ ಮಂಕಾಗಿರಬೇಕು. ಒಟ್ಟು ಫ್ಯಾಕ್ ಮೂರರಲ್ಲೂ ಸಮ ಇರಬೇಕು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ತೇಲುವಾಗಲೂ ಫಾಸ್ಫೇಟ್ ಉಳಿದಿರುತ್ತದೆ. ಅದು ಆಂಟಿಬಾಡಿಯ ದೋಷವಲ್ಲ, ಆ ಕೋಶದ ಗುಣ. ಅದಕ್ಕೇ ಮೊದಲ ಪರೀಕ್ಷೆಗೆ ಸಾಮಾನ್ಯ ಫೈಬ್ರೊಬ್ಲಾಸ್ಟ್ ಎಂದಿದ್ದು.

ಇನ್ನೂ ಗಟ್ಟಿ ಪುರಾವೆ ಬೇಕಾ? ಪಿಎಫ್-573228 ಎಂಬ ಫ್ಯಾಕ್ ತಡೆಯನ್ನು 1 ಮೈಕ್ರೋಮೋಲಾರ್‌ನಂತೆ ಒಂದು ಗಂಟೆ ಹಾಕಿ ನೋಡಿ. ಫಾಸ್ಫೊ ಬ್ಯಾಂಡ್ ಇಳಿಯಬೇಕು, ಒಟ್ಟು ಬ್ಯಾಂಡ್ ಇಳಿಯಬಾರದು. ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದರೆ ಫಾಸ್ಫೊ ಬ್ಯಾಂಡ್ ಮಾಯವಾಗಬೇಕು. ಆದರೆ ಆ ಲೈಸೇಟನ್ನು (ಒಡೆದ ಕೋಶದ ದ್ರಾವಣ) ವನಡೇಟ್, ಫ್ಲೋರೈಡ್, ಲೋಹದ ಅಯಾನು ಹಿಡಿದಿಡುವ ಇಡಿಟಿಎ ಯಾವುದೂ ಇಲ್ಲದೆ ಮಾಡಿರಬೇಕು. ಇಲ್ಲದಿದ್ದರೆ ನೀವು ಹಾಕಿದ ಕಿಣ್ವವನ್ನು ನಿಮ್ಮ ಬಫರೇ ಕಟ್ಟಿಹಾಕುತ್ತದೆ. ಫ್ಯಾಕ್ ಜೀನ್ ತೆಗೆದ ಇಲಿ ಫೈಬ್ರೊಬ್ಲಾಸ್ಟ್‌ಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಆ ಕೋಶಗಳಲ್ಲಿ ಪೈಕ್2 ಜಾಸ್ತಿಯಾಗಿರುತ್ತದೆ. ಅಲ್ಲೂ 125ಕ್ಕಿಂತ ತುಸು ಕೆಳಗೆ ಬ್ಯಾಂಡ್ ಬಂದರೆ ನಿಮ್ಮ ಆಂಟಿಬಾಡಿ ತಮ್ಮನನ್ನೂ ಹಿಡಿಯುತ್ತಿದೆ ಎಂದೇ ಅರ್ಥ.

ಲೈಸಿಸ್, ತಟ್ಟೆಯ ಮೇಲೆಯೇ

ಈಗ ನಿಮ್ಮ ನಿಜವಾದ ಸ್ಯಾಂಪಲ್. ಎಲ್ಲವನ್ನೂ ಮೊದಲೇ ಐಸ್ ಮೇಲೆ ಜೋಡಿಸಿಕೊಳ್ಳಿ: ತಣ್ಣಗಿನ ಪಿಬಿಎಸ್ (ತೊಳೆಯುವ ಉಪ್ಪುನೀರಿನ ಬಫರ್), ರೀಪಾ ಎಂಬ ಲೈಸಿಸ್ ಬಫರ್, ಸ್ಕ್ರೇಪರ್, ಹೆಸರು ಬರೆದ ಟ್ಯೂಬುಗಳು. ರೀಪಾಗೆ 1 ಮಿಲಿಮೋಲಾರ್ ವನಡೇಟ್, 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆ ಸೇರಿಸಿ. ಪಿಎಂಎಸ್‌ಎಫ್ ಎಂಬ ಪ್ರೋಟಿಯೇಸ್ ತಡೆ ಹಾಕುವುದಾದರೆ ಕೊನೇ ಗಳಿಗೆಯಲ್ಲಿ ಹಾಕಿ, ನೀರಿನಲ್ಲಿ ಅದು ಬೇಗ ಕೆಡುತ್ತದೆ. ಇಡಿಟಿಎ ಮತ್ತು ಡಿಟಿಟಿ ಎರಡೂ ವನಡೇಟ್‌ನ ಕೆಲಸ ಕೆಡಿಸುತ್ತವೆ. ಹಾಗಾಗಿ ಇಡಿಟಿಎ ಇಲ್ಲದ ಪ್ರೋಟಿಯೇಸ್ ತಡೆ ಆರಿಸಿ.

ಒಂದು ಸಲಕ್ಕೆ ಒಂದೇ ತಟ್ಟೆ ತೆಗೆಯಿರಿ. ಮೀಡಿಯಂ ಹೀರಿ, ತಣ್ಣಗಿನ ಪಿಬಿಎಸ್‌ನಲ್ಲಿ ಒಮ್ಮೆ ತೊಳೆಯಿರಿ. ತಟ್ಟೆಯನ್ನು ಓರೆ ಮಾಡಿ ಮೂಲೆಯಲ್ಲಿ ಸೇರಿದ ನೀರನ್ನೂ ತೆಗೆಯಿರಿ. ಆ ನೀರು ಉಳಿದರೆ ಬಫರ್ ತೆಳುವಾಗುತ್ತದೆ. 60 ಮಿಲಿಮೀಟರ್ ತಟ್ಟೆಗೆ 150 ಮೈಕ್ರೋಲೀಟರ್ ಬಫರ್ ಸಾಕು. ಐಸ್ ಮೇಲೆಯೇ ಸ್ಕ್ರೇಪರ್‌ನಿಂದ ಕೆರೆದು ಟ್ಯೂಬಿಗೆ ಹಾಕಿ. ದೋಸೆ ಕಾವಲಿ ಕೆರೆದ ಹಾಗೆ, ಒಂದು ಅಂಚಿನಿಂದ ಶುರುಮಾಡಿ ಇನ್ನೊಂದು ಅಂಚಿನ ತನಕ. 15 ನಿಮಿಷ ಐಸ್‌ನಲ್ಲಿಟ್ಟು, 4 ಡಿಗ್ರಿಯಲ್ಲಿ 14,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ತಿಳಿ ತೆಗೆದು ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆಯಿರಿ. ಲೆಮ್ಲಿ ಬಫರ್ (ಜೆಲ್‌ಗೆ ಹಾಕುವ ಮುಂಚೆ ಸೇರಿಸುವ ಬಫರ್) ಸೇರಿಸಿ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. ಇಷ್ಟಾದ ಮೇಲೆ ಫಾಸ್ಫಟೇಸ್‌ಗಳ ಆಟ ಮುಗಿಯಿತು, ಕೈ ಸಡಿಲ ಬಿಡಬಹುದು.

ಜೆಲ್‌ನಿಂದ ಬ್ಯಾಂಡಿನ ತನಕ

8% ಜೆಲ್, ಲೇನಿಗೆ 20ರಿಂದ 30 ಮೈಕ್ರೋಗ್ರಾಂ. 75ರ ಮಾರ್ಕರ್ ಜೆಲ್‌ನ ಅರ್ಧ ದಾಟುವ ತನಕ ಓಡಿಸಿ. ಫ್ಯಾಕ್ ದೊಡ್ಡ ಪ್ರೋಟೀನ್, ಮೆಂಬ್ರೇನಿಗೆ ನಿಧಾನವಾಗಿ ಹೋಗುತ್ತದೆ. ಅದಕ್ಕೆ ವೆಟ್ ಟ್ರಾನ್ಸ್‌ಫರ್ ಮಾಡಿ, ಅಂದರೆ ಜೆಲ್ ಮತ್ತು ಮೆಂಬ್ರೇನನ್ನು ಬಫರ್‌ನಲ್ಲಿ ಮುಳುಗಿಸಿ ಪ್ರೋಟೀನನ್ನು ಸಾಗಿಸಿ. 100 ವೋಲ್ಟ್‌ನಲ್ಲಿ 90 ನಿಮಿಷ, ಡಬ್ಬಿಯನ್ನು ಐಸ್‌ನಲ್ಲಿಟ್ಟು. ಕೋಲ್ಡ್ ರೂಮಿನಲ್ಲಿ 30 ವೋಲ್ಟ್‌ಗೆ ರಾತ್ರಿಯಿಡೀ ಬಿಟ್ಟರೂ ಆಗುತ್ತದೆ. ಆದರೆ ಕರೆಂಟ್ ಹೋಗಿ ಬರುವ ಕಡೆ ಪವರ್ ಪ್ಯಾಕನ್ನು ಯುಪಿಎಸ್ ಲೈನಿಗೇ ಹಾಕಿ. ಮುಗಿದ ಮೇಲೆ ಪಾನ್ಸೊ ಬಣ್ಣ ಹಾಕಿ ನೋಡಿ. ಗುಳ್ಳೆ ಕೂತ ಜಾಗ ಬಿಳಿ ಚುಕ್ಕಿಯಾಗಿ ಕಾಣುತ್ತದೆ. 125ರ ಜಾಗದಲ್ಲೇ ಚುಕ್ಕಿ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆಂಟಿಬಾಡಿ ಖರ್ಚು ಮಾಡಬೇಡಿ.

ಬ್ಲಾಕ್ ಮಾಡಲು, ಅಂದರೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು, ಹಾಲಿನ ಪುಡಿ ಬೇಡ, 5% ಬಿಎಸ್‌ಎ ಬಳಸಿ. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಫಾಸ್ಫೊ ಆಂಟಿಬಾಡಿ ಬಳಸುವಾಗ ಹಿನ್ನೆಲೆ ಕೊಳೆಯಾಗಲು ಅದೂ ಕಾರಣವಾಗಬಹುದು. ತೊಳೆಯಲು ಟಿಬಿಎಸ್‌ಟಿ (ಟ್ವೀನ್ ಸೇರಿಸಿದ ಉಪ್ಪುನೀರಿನ ಬಫರ್). ಮೊದಲ ಆಂಟಿಬಾಡಿ 1:1000, ಬಿಎಸ್‌ಎಯಲ್ಲಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ 10 ನಿಮಿಷದಂತೆ ಮೂರು ಸಲ ತೊಳೆದು, ಎಚ್‌ಆರ್‌ಪಿ ಎಂಬ ಕಿಣ್ವ ಅಂಟಿಸಿದ, ಮೊದಲ ಆಂಟಿಬಾಡಿಯನ್ನು ಹಿಡಿಯುವ ಎರಡನೇ ಆಂಟಿಬಾಡಿ 1:5000 ಒಂದು ಗಂಟೆ. ಮತ್ತೆ ಮೂರು ತೊಳೆತ, ಆಮೇಲೆ ಇಸಿಎಲ್ (ಎಚ್‌ಆರ್‌ಪಿ ಇರುವಲ್ಲಿ ಬೆಳಕು ಹೊಮ್ಮಿಸುವ ದ್ರಾವಣ). ಎರಡನೇ ಆಂಟಿಬಾಡಿಯ ದ್ರಾವಣಕ್ಕೆ ಅಜೈಡ್ (ಕೊಳೆಯದಂತೆ ಹಾಕುವ ರಾಸಾಯನಿಕ) ತಾಗಿಸಬೇಡಿ, ಎಚ್‌ಆರ್‌ಪಿ ಸತ್ತುಹೋಗುತ್ತದೆ.

ಮೊದಲ ಸಲ ಮೆಂಬ್ರೇನನ್ನು ಕತ್ತರಿಸದೆ ಪೂರ್ತಿ ನೋಡಿ. ಆಂಟಿಬಾಡಿ ಇನ್ನೆಲ್ಲೆಲ್ಲಿ ಅಂಟುತ್ತದೆ ಅಂತ ತಿಳಿಯುವುದು ಆಗಲೇ. ಲೋಡಿಂಗ್ ಕಂಟ್ರೋಲ್‌ಗೆ, ಅಂದರೆ ಎಲ್ಲ ಲೇನಿನಲ್ಲೂ ಸಮ ಪ್ರೋಟೀನ್ ಬಿದ್ದಿದೆಯಾ ಎಂದು ನೋಡಲು, ವಿನ್ಕುಲಿನ್ ಎಂಬ ಪ್ರೋಟೀನ್ ಬೇಡ. ಅದರ ತೂಕ ಫ್ಯಾಕ್‌ನ ಪಕ್ಕದಲ್ಲೇ ಇದೆ, ಒಂದರ ಬ್ಯಾಂಡ್ ಮೇಲೆ ಇನ್ನೊಂದು ಕೂರುತ್ತದೆ. ಟ್ಯುಬ್ಯುಲಿನ್ ಆದರೆ 50ರ ಹತ್ತಿರ ದೂರದಲ್ಲಿರುತ್ತದೆ.

ಒಟ್ಟು ಫ್ಯಾಕ್ ನೋಡಲು ಅದೇ ಮೆಂಬ್ರೇನನ್ನು ಸ್ಟ್ರಿಪ್ ಮಾಡುವವರು, ಅಂದರೆ ಮೊದಲಿನ ಆಂಟಿಬಾಡಿಯನ್ನು ತೊಳೆದು ತೆಗೆಯುವವರು, ಬಹಳ. ಸ್ಟ್ರಿಪ್ ಮಾಡುವಾಗ ಸ್ವಲ್ಪ ಪ್ರೋಟೀನೂ ಜೊತೆಗೇ ಹೋಗುತ್ತದೆ. ನಾನಾದರೆ ಒಂದೇ ಸ್ಯಾಂಪಲ್‌ನ ಎರಡು ಜೆಲ್ ಒಟ್ಟಿಗೇ ಓಡಿಸುತ್ತೇನೆ. ಸ್ಯಾಂಪಲ್ ಕಡಿಮೆ ಇದ್ದು ಸ್ಟ್ರಿಪ್ ಮಾಡಲೇಬೇಕಾದರೆ ಫಾಸ್ಫೊ ಮೊದಲು, ಒಟ್ಟು ಆಮೇಲೆ. ಬ್ಯಾಂಡ್ ಅಳೆಯಲು ಇಮೇಜ್‌ಜೆ ಸಾಕು, ಉಚಿತ. ಕಪ್ಪಗೆ ತುಂಬಿಹೋದ ಬ್ಯಾಂಡನ್ನು ಮಾತ್ರ ಅಳೆಯಬೇಡಿ. ಕಡಿಮೆ ಹೊತ್ತಿನ ಎಕ್ಸ್‌ಪೋಶರ್ ತೆಗೆದುಕೊಂಡು ಅದನ್ನು ಅಳೆಯಿರಿ.

ಹೀಗೆ ಬಂದರೆ ಹೀಗೆ

85ರಿಂದ 90ರ ಹತ್ತಿರ ಹೆಚ್ಚಿನ ಬ್ಯಾಂಡ್ ಬಂದರೆ ಫ್ಯಾಕ್ ತುಂಡಾಗಿರಬಹುದು. ಸಾಯುತ್ತಿರುವ ಕೋಶದಲ್ಲಿ ಕ್ಯಾಸ್ಪೇಸ್‌ಗಳು, ಬೇರೆ ಸಂದರ್ಭದಲ್ಲಿ ಕ್ಯಾಲ್ಪೇನ್ ಅದನ್ನು ಕತ್ತರಿಸುತ್ತವೆ. ಕೋಶಗಳ ಆರೋಗ್ಯ ನೋಡಿ, ಪ್ರೋಟಿಯೇಸ್ ತಡೆ ಹಳೆಯದಾ ನೋಡಿ. ಒಟ್ಟು ಫ್ಯಾಕ್ ಚೆನ್ನಾಗಿದ್ದು ಫಾಸ್ಫೊ ಮಾತ್ರ ಎಲ್ಲ ಲೇನಿನಲ್ಲೂ ಇಲ್ಲದಿದ್ದರೆ ವನಡೇಟ್ ಕಡೆ ಹೋಗಿ. ಎರಡೂ ಇಲ್ಲದಿದ್ದರೆ ಟ್ರಾನ್ಸ್‌ಫರ್ ಕಡೆ. ಒಂದೇ ಸ್ಯಾಂಪಲ್ ದಿನಕ್ಕೊಂದು ಥರ ಬಂದರೆ ತಟ್ಟೆಯಲ್ಲಿ ಕೋಶ ಎಷ್ಟು ದಟ್ಟವಾಗಿತ್ತು ಎಂದು ನೆನಪು ಮಾಡಿಕೊಳ್ಳಿ. ಒಂದಕ್ಕೊಂದು ಒತ್ತಿಕೊಂಡ ಕೋಶಗಳೂ, ಹರಡಿ ಕೂತ ಕೋಶಗಳೂ ತಟ್ಟೆಯನ್ನು ಒಂದೇ ಥರ ಹಿಡಿಯುವುದಿಲ್ಲ. ನಾನು ಯಾವಾಗಲೂ 70% ತುಂಬಿದಾಗಲೇ ತೆಗೆಯುತ್ತೇನೆ.

ಆ ಹುಡುಗಿ ಮಾರನೇ ವಾರ ತಟ್ಟೆಯ ಮೇಲೆಯೇ ಲೈಸಿಸ್ ಮಾಡಿ, ಅದೇ ಹಳೇ ಟ್ಯೂಬಿನ ಆಂಟಿಬಾಡಿ ಹಾಕಿದಳು. ಫೈಬ್ರೊನೆಕ್ಟಿನ್ ಲೇನಿನಲ್ಲಿ ಬ್ಯಾಂಡ್ ಬಂತು. ಉಳಿದ ಫೈಬ್ರೊನೆಕ್ಟಿನ್ ಲೈಸೇಟ್ ಮತ್ತು ತೇಲಿದ ಕೋಶದ ಲೈಸೇಟನ್ನು 30 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿಟ್ಟಿದ್ದೇವೆ. ನೀವೂ ಹಾಗೆ ಇಟ್ಟುಕೊಳ್ಳಿ. ಆಂಟಿಬಾಡಿಯ ಹೊಸ ಲಾಟ್ ಬಂದಾಗ, ಬೇರೆ ಯಾವ ಸ್ಯಾಂಪಲ್‌ಗಿಂತ ಮೊದಲು ಆ ಎರಡು ಟ್ಯೂಬ್ ತೆಗೆದು ಓಡಿಸಿ, ಲಾಟ್ ನಂಬರ್ ಜೊತೆ ಚಿತ್ರವನ್ನು ನೋಟ್‌ಬುಕ್ಕಿಗೆ ಅಂಟಿಸಿ.